ಅಂಪೈರ್ ಮೊರೆಯಾ ಮಾಸ್ತರರ ತುರಿಕೆ

ನಮ್ಮೂರಿನ ಮೊರೆಯಾ ಮಾಸ್ತರರು ಅಂಪೈರಾಗಿ ನಿಂತರೆಂದರೆ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ಆಡುತ್ತಿದ್ದರು. ಶಾಲೆಯಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದವರು ಈ ಕರಾವಳಿಯಲ್ಲೇ ಇಲ್ಲ. ನನ್ನ ಎಡಗಿವಿಯೇ ಸಾಕ್ಷಿ. ಗುಡ್ಡದ ಮೇಲಿನ ಬೊರೆಗು ಊರಿನವರ ಜೊತೆ ಪಂದ್ಯ ಗೊತ್ತಾದಾಗ ಮಾಸ್ತರರು ಹಿಂದಿನ ದಿನವೇ ಅಲ್ಲಿಗೆ ಹೋಗಿ, ಸೊಂಟದೆತ್ತರದ ಕುನಾಯಿ ಹುಲ್ಲಿನಲ್ಲಿ ಚಡ್ಡಿಯಲ್ಲೇ ನಡೆದಾಡಿ ಬೌಂಡರಿಯ ಗೂಟಗಳನ್ನು ನೆಟ್ಟರು. ಆಮೇಲೆ ಅದೇ ಹುಲ್ಲಿನ ಮೇಲೆ ಕುಳಿತು ಬೇಯಿಸಿದ ಬಾಳೆಕಾಯಿ, ಡಬ್ಬಿ ಮೀನು ತಿಂದು, ಅಂಗಿ ಬಿಚ್ಚಿ ತಲೆಯಡಿಗಿಟ್ಟುಕೊಂಡು ಒಂದು ನಿದ್ದೆಯನ್ನೂ ತೆಗೆದರು.

ಮರುದಿನ ನಾವು ನೂರಾ ಹದಿನೆಂಟು ರನ್ ಹೊಡೆದೆವು. ಬೊರೆಗುವಿನವರು ಬ್ಯಾಟಿಂಗಿಗೆ ಇಳಿದರು. ನನ್ನ ಎರಡನೇ ಎಸೆತವನ್ನು ಅವರ ನಾಯಕ ಇಗೊ ಚೆನ್ನಾಗಿಯೇ ಹೊಡೆದು ಒಂದು ರನ್ ಓಡಿದ. ಮಾಸ್ತರರು ಕಾಲೆತ್ತಿ ಮೊಣಕಾಲು ಮುಟ್ಟಿದರು. ಅಂದರೆ ಲೆಗ್ ಬೈ. ರನ್ ಇಗೊನ ಹೆಸರಿಗಿಲ್ಲ.

"ಮಾಸ್ತರೇ, ಬ್ಯಾಟು ಟಕ್ ಅಂದಿದ್ದು ಊರಿಗೆಲ್ಲ ಕೇಳಿಸ್ತಲ್ಲ," ಎಂದ ಇಗೊ.

"ಸುಮ್ನೆ ಆಡಪ್ಪ," ಎಂದರು ಮಾಸ್ತರರು, ಹಲ್ಲು ಕಚ್ಚಿಕೊಂಡು. ಅವರ ಮೈಯಿಂದ ಸೀಮೆಎಣ್ಣೆ ವಾಸನೆ ಬರುತ್ತಿತ್ತು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಅವರು ಬಲಗೈಯಿಂದ ಎಡಭುಜವನ್ನು ಪಟಪಟನೆ ತಟ್ಟಿಕೊಂಡರು. ಅದು ಬ್ಯಾಟಿಂಗ್ ಮಾಡುವವರಿಗೆ ಐದು ರನ್ ದಂಡವಾಗಿ ಕೊಡುವ ಸನ್ನೆ. ನಮ್ಮ ನಾಯಕ ಲೋಹಿಯಾ ನನ್ನ ಹತ್ತಿರ ಬಂದ.

"ಸ್ವಂತ ಊರಿನವ್ರ ಮೇಲೇ ಏನಿವ್ರಿಗೆ ಸಿಟ್ಟು? ನೀನೇನಾದ್ರೂ ಅಂದ್ಯಾ?"

"ಉಸಿರೂ ಬಿಟ್ಟಿಲ್ಲ ಕಣೋ."

ಮಾವಿನ ಮರದಡಿ ಸ್ಕೋರು ಬರೆಯುತ್ತಿದ್ದವರು ನಮ್ಮೂರ ದವಾಖಾನೆಯ ಸಿಸ್ಟರ್ ಬೊಯೊ. ನೀರಿನ ವಿರಾಮಕ್ಕೆ ಅವರು ಎಂಬತ್ಮೂರು ಎಂದು ಓದಿದ್ದೇ ತಡ, ಇಬ್ಬರೂ ನಾಯಕರು ಮುತ್ತಿಕೊಂಡರು.

"ಇಪ್ಪತ್ತು ಹೊಡ್ದಿದೀನಿ ಸಿಸ್ಟರ್, ನನ್ ಹೆಸರಲ್ಲಿ ಬರೀ ಮೂರಿದೆ," ಎಂದ ಇಗೊ.

"ನಾಲ್ಕು ಸಲ ಐದೈದು ದಂಡ. ನಾವೇನು ಪಾಪ ಮಾಡಿದ್ವಿ?" ಎಂದ ಲೋಹಿಯಾ.

"ತೋರ್ಸಿದ್ದನ್ನ ಬರಿ, ಯೋಚ್ನೆ ಮಾಡ್ಬೇಡ ಅಂತ ಮಾಸ್ತರೇ ಹೇಳ್ಕೊಟ್ಟಿದ್ದು," ಎಂದರು ಸಿಸ್ಟರ್. ಮಾಸ್ತರರ ಕೈ ಮೆಲ್ಲಗೆ ಸೊಂಟದ ಕಡೆ ಜಾರುವುದನ್ನು ಕಂಡು ಪೆನ್ಸಿಲ್ ಕೆಳಗಿಟ್ಟರು.

"ಮಾಸ್ತರೇ, ಇಳಿಸಿ ನೋಡೋಣ."

"ಇಷ್ಟು ಜನರ ಮುಂದೆಯಾ?"

"ಕಾಲುಚೀಲ ಅಂದೆ."

ಕಾಲುಚೀಲದ ಅಂಚಿನುದ್ದಕ್ಕೂ ಕೆಂಪು ಗಂಧೆಗಳು ಗೆಜ್ಜೆ ಕಟ್ಟಿದಂತೆ ಎದ್ದಿದ್ದವು.

"ಹುಳ ಚರ್ಮದೊಳಗೆ ಹೊಕ್ಕಿದೆ," ಎಂದರು ಮಾಸ್ತರರು. "ಸೀಮೆಎಣ್ಣೆ ಹಚ್ಚಿದೀನಿ, ಸಾಯ್ತದೆ."

"ಒಳಗೆ ಯಾರೂ ಇಲ್ಲ. ಹುಲ್ಲುನುಸಿಯ ಮರಿ ಅದು, ಕಣ್ಣಿಗೂ ಕಾಣಲ್ಲ. ಬಟ್ಟೆ ಬಿಗಿಯಿರೋ ಕಡೆ ಹೋಗಿ ಕಚ್ಚತ್ತೆ. ನೀವು ಕೆರೆದಾಗ್ಲೇ ಉದುರಿ ಹೋಗಿರತ್ತೆ. ಈ ತುರಿಕೆ ಅದರ ಎಂಜಲಿಂದು. ಖಾಲಿ ಮನೆಗೆ ಸೀಮೆಎಣ್ಣೆ ಸುರೀತಿದೀರಿ ನೀವು. ನಿನ್ನೆ ಮನೆಗೆ ಹೋದ ಕೂಡ್ಲೇ ಸೋಪು ಹಚ್ಚಿ ಮಿಂದು, ಬಟ್ಟೆ ಬಿಸಿನೀರಿಗೆ ಹಾಕಿದ್ರೆ ಇಷ್ಟಾಗ್ತಿರ್ಲಿಲ್ಲ."

"ನಿನ್ನೆ ಚರ್ಚಿನಲ್ಲಿ ಹಾಡಿನ ಅಭ್ಯಾಸ ಇತ್ತು," ಎಂದರು ಮಾಸ್ತರರು, ತಪ್ಪು ಮಾಡಿದ ವಿದ್ಯಾರ್ಥಿಯ ದನಿಯಲ್ಲಿ.

ಸಿಸ್ಟರ್ ಸೀಮೆಎಣ್ಣೆಯನ್ನು ಸೋಪಿನಿಂದ ತೊಳೆಸಿ, ತಣ್ಣೀರ ಬಟ್ಟೆ ಒತ್ತಿ, ಗುಲಾಬಿ ಬಣ್ಣದ ಕ್ಯಾಲಮೈನ್ ಹಚ್ಚಿದರು. "ಕೆರೀಬೇಡಿ, ಕೀವಾಗತ್ತೆ. ವಾರ, ಹತ್ತು ದಿನದಲ್ಲಿ ಇಳಿಯತ್ತೆ. ಜ್ವರ ಬಂದ್ರೆ ಮಾತ್ರ ತಡಮಾಡ್ದೆ ಬನ್ನಿ."

ಉಳಿದದ್ದು ರನ್ನುಗಳ ಪ್ರಶ್ನೆ. "ಯಾವುದು ತೀರ್ಪು, ಯಾವುದು ತುರಿಕೆ ಅಂತ ನನಗೇ ಗೊತ್ತಿಲ್ಲ," ಎಂದರು ಮಾಸ್ತರರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ನಾವು ಕೇಳಿದ್ದು ಅದೇ ಮೊದಲು. ಎಲ್ಲರಿಗೂ ಅಯ್ಯೋ ಅನ್ನಿಸಿತು.

ಇಗೊ ಒಳ್ಳೆಯವನು. "ದಂಡದ ಇಪ್ಪತ್ತು ಹೊಡೆದುಹಾಕಿ. ನನ್ನ ಹದಿನೇಳು ನನಗೆ ಕೊಡಿ," ಎಂದ. ಲೋಹಿಯಾ ಒಪ್ಪಿದ. ಅರವತ್ಮೂರರಿಂದ ಆಟ ಮುಂದುವರಿಯಿತು. ಗುಲಾಬಿ ಕಾಲಿನ ಮಾಸ್ತರರು ಕೈಯಾಡಿಸಿದಾಗಲೆಲ್ಲ "ಇದು ಸನ್ನೆ", "ಇದು ತುರಿಕೆ" ಎಂದು ಮರದಡಿಗೆ ಕೇಳುವಂತೆ ಕೂಗುತ್ತಿದ್ದರು.

ಕೊನೆಯ ಜೋಡಿಗೆ ನಾಲ್ಕು ರನ್ ಬೇಕಿತ್ತು. ಇಗೊ ಹೊಡೆದ ಚೆಂಡು ಬೌಂಡರಿ ಗೂಟದ ಒಳಗಿನ ಕುನಾಯಿಯೊಳಗೆ ಹೊಕ್ಕಿತು. ಬೆನ್ನಟ್ಟಿದ ನಮ್ಮ ತಂಡದ ವಗಿ ಹುಲ್ಲಿನಂಚಿನಲ್ಲಿ ನಿಂತು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ನಿಧಾನವಾಗಿ ತುರುಕತೊಡಗಿದ.

"ಏನ್ ಮಾಡ್ತಿದೀಯೋ?" ಎಂದು ಲೋಹಿಯಾ ಅರಚಿದ.

"ಒಂದು ಕಾಲಾಯ್ತು, ಇನ್ನೊಂದಿದೆ."

ಅಷ್ಟರಲ್ಲಿ ಅವರು ನಾಲ್ಕೂ ಓಡಿ ಗೆದ್ದರು. ಚೆಂಡು ತರಲು ಕೊನೆಗೆ ನುಗ್ಗಿದವನು ನಾನು. ಹಿಂತಿರುಗುವಾಗ ಸಿಸ್ಟರ್ ಬೊಯೊ ಹೊಳೆಯ ಬಳಿ ನಮ್ಮ ಟ್ರಕ್ ನಿಲ್ಲಿಸಿ, ನನ್ನ ಕೈಗೊಂದು ಸೋಪಿನ ತುಂಡು ಕೊಟ್ಟು ನೀರಿಗಿಳಿಸಿದರು. ನಾನು ಮಿಂದು ಬರುವವರೆಗೆ ಇಡೀ ತಂಡ ಕಾಯಬೇಕಾಯಿತು.