ತಿರುಗಬಾರದ ಕುದುರೆ

ಭಾನುವಾರ ಮಧ್ಯಾಹ್ನವಾದರೆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಯುದ್ಧ. ಕೆಳಗೆ ಇಸ್ತ್ರಿಯ ಹಬೆ, ಮೇಲೆ ರಟ್ಟಿನ ಸೈನಿಕರ ಸಾವು. ಕತ್ತಿ, ಗುರಾಣಿ, ಬಿಲ್ಲುಗಳ ಕಾಲದ ಸಣ್ಣಪುಟ್ಟ ಕಾಳಗಗಳ ಆಟ ಅದು. ನಕ್ಷೆಯ ತುಂಬ ಆರು ಮೂಲೆಯ ಮನೆಗಳು, ಉಗುರಿನಷ್ಟಗಲದ ಒಂದೊಂದು ರಟ್ಟಿನ ಬಿಲ್ಲೆಯೂ ಒಬ್ಬೊಬ್ಬ ಸೈನಿಕ. ಪರದೇಶದಿಂದ ತರಿಸಿದ ಈ ಹಳೆಯ ಸರಣಿಯಲ್ಲಿ ನಾಲ್ಕು ಪೆಟ್ಟಿಗೆಗಳಿದ್ದವು, ಮತ್ತು ನಾಲ್ಕರ ಬಗ್ಗೆಯೂ ಆ ಕೋಣೆಯಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಕಾಲಾಳುಗಳ ಮೊದಲ ಪೆಟ್ಟಿಗೆ ಅಪ್ಪಟ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಮೂರನೆಯದು ಕೋಟೆಯ ಆಟ. ಒಳ್ಳೆಯದೇ, ಆದರೆ ಮುಗಿಯುವಷ್ಟರಲ್ಲಿ ಆಡುವವರಿಗೆ ಗಡ್ಡ ಬಂದಿರುತ್ತದೆ ಎಂದು ಹಲ್ಲಿನ ಡಾಕ್ಟರು ಹೇಳುತ್ತಿದ್ದರು. ನಾಲ್ಕನೆಯದರ ನಕ್ಷೆ ಬಲು ಚೆಂದ ಎನ್ನುತ್ತಿದ್ದ ಲಾಂಡ್ರಿಯವನು. ಆಟ ಹೇಗಿದೆ ಎಂದು ಕೇಳಿದರೆ ಮತ್ತೆ ನಕ್ಷೆಯನ್ನೇ ಹೊಗಳುತ್ತಿದ್ದ. ಎರಡನೆಯ ಪೆಟ್ಟಿಗೆ ಮಾತ್ರ ಎಲ್ಲರ ಬಾಯಲ್ಲೂ ಕಸ.

ಕಸ ಎಂದು ತೀರ್ಪು ಕೊಟ್ಟವನು ಪಂಡಿತ. ಅದು ಅಡ್ಡಹೆಸರು. ವಾಷಿಂಗ್ ಮೆಷೀನು, ನೀರಿನ ಪಂಪುಗಳ ಜೊತೆ ಬರುವ ಸೂಚನೆ ಪುಸ್ತಕಗಳನ್ನು ನಮ್ಮ ಭಾಷೆಗೆ ತರುವುದು ಅವನ ಹೊಟ್ಟೆಪಾಡು. ಆಟದ ನಿಯಮಗಳನ್ನೂ ಅವನೇ ಭಾಷಾಂತರಿಸಿ ಹೇಳಿದ್ದ. ಹೇಳಿದ್ದನ್ನು ದುಂಡಗೆ ಬರೆದುಕೊಂಡವನು ಭಾವ, ಅಂದರೆ ಪಂಡಿತನ ಹೆಂಡತಿಯ ಅಣ್ಣ. ಭಾವ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನ ಅಕ್ಷರ ಹೇಗೆಂದರೆ, ಬರೀ ನಿಯಮದ ಹಾಳೆಯನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ಒಂದು ಕಾಗುಣಿತ ತಪ್ಪಿ ಬೋರ್ಡು ವಾಪಸು ಬಂದದ್ದು ಅವನ ಕಸುಬಿನಲ್ಲೇ ಇಲ್ಲ, ಅದೇ ಅವನ ಜಂಬ.

ಎರಡನೆಯ ಪೆಟ್ಟಿಗೆ ಕುದುರೆ ಸವಾರರದ್ದು. ಅದನ್ನು ಆಸೆಪಟ್ಟು ತರಿಸಿದವನೂ ಭಾವನೇ. ಆದರೆ ಅದರಲ್ಲೊಂದು ನಿಯಮ: ಓಡಿ ಬಂದು ಹೊಡೆದ ಮೇಲೆ ಸವಾರ ತಿರುಗಬಾರದು. ಹಾಗಾಗಿ ಕುದುರೆ ಒಮ್ಮೆ ಹೊಡೆದದ್ದೇ ತಡ, ಮೂಗಿನ ನೇರಕ್ಕೆ ಓಡುತ್ತ ಓಡುತ್ತ ನಕ್ಷೆಯನ್ನೇ ದಾಟಿ ಮೇಜಿನ ಅಂಚಿಗೆ ಬಂದುಬಿಡುತ್ತಿತ್ತು. "ಕುದುರೆ ಮನೆಗೆ ಹೋಯ್ತು, ಹುಲ್ಲು ಹಾಕಿ ಭಾವ" ಎಂದು ಪಂಡಿತ ಪ್ರತಿ ಸಲವೂ ಹೇಳುತ್ತಿದ್ದ, ಎಲ್ಲರೂ ಪ್ರತಿ ಸಲವೂ ನಗುತ್ತಿದ್ದರು. ಈ ಆಟ ಮಾಡಿದವನು ಜನ್ಮದಲ್ಲಿ ಕುದುರೆ ನೋಡಿಲ್ಲ ಎಂಬ ಅವನ ಮಾತು ಬೇರೆ ಊರುಗಳ ಆಟಗಾರರವರೆಗೂ ಹೋಗಿ, ಅವರೂ ತಮ್ಮದೇ ಮಾತೆಂಬಂತೆ ಹೇಳುತ್ತಿದ್ದರು. ಭಾವ ಸೋತ ಕುದುರೆಗಳನ್ನು ಎತ್ತಿಡುತ್ತ, ಇಷ್ಟು ಚೆಂದ ಕುದುರೆ ಬಿಡಿಸಿದವನು ಅದನ್ನ ಹೀಗೆ ಓಡಿಸ್ತಾನಾ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಗೊಣಗಿದರೆ ಯಾರು ಕೇಳಬೇಕು? ಆದರೂ ಯಾವಾಗಲಾದರೊಮ್ಮೆ ಆ ಪೆಟ್ಟಿಗೆ ಹೊತ್ತು ತರುವುದನ್ನು ಬಿಟ್ಟಿರಲಿಲ್ಲ.

ಆ ಭಾನುವಾರವೂ ತಂದಿದ್ದ. ಡಾಕ್ಟರ ತಂಗಿ ಅಣ್ಣನ ಜೊತೆ ಆಟ ನೋಡಲು ಬಂದಿದ್ದಳು. ಆಟ ಬಂದ ಆ ಪರದೇಶದ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದು ಈಚೆಗೆ ಮರಳಿದವಳು. ಬೇಸರ ಕಳೆಯಲು ಪೆಟ್ಟಿಗೆಯ ತಳದಲ್ಲಿದ್ದ ಮೂಲ ಪುಸ್ತಿಕೆಯನ್ನು ಓದುತ್ತಿದ್ದಳು. ಭಾವನ ಮೊದಲ ಕುದುರೆ ಎಂದಿನಂತೆ ಹೊಡೆದು, ಎಂದಿನಂತೆ ಮನೆ ಕಡೆ ಹೊರಟಾಗ ತಲೆಯೆತ್ತಿ ಕೇಳಿದಳು.

"ಅದ್ಯಾಕೆ ನೇರ ಹೋಗ್ತಿದೆ? ಇಲ್ಲಿ ತಿರುಗಬಾರದು ಅಂತ ಇಲ್ವಲ್ಲ. ತಿರುಗಬೇಕಾಗಿಲ್ಲ ಅಂತಿದೆ. ಇಷ್ಟ ಇದ್ರೆ ತಿರುಗಬಹುದು."

ಪಂಡಿತ ಪುಸ್ತಿಕೆ ಇಸಿದುಕೊಂಡ. ಅವಳು ಬೆರಳಿಟ್ಟ ಕಡೆ ಒಂದು ಚಿಕ್ಕ ಪದ, ಇರುವೆಯಷ್ಟು. ನೋಡಿದ ಕ್ಷಣವೇ ಗೊತ್ತಾಯಿತು. ಬೇಕಿಲ್ಲ ಎಂದಿದ್ದದ್ದನ್ನು ತಾನು ಬಾರದು ಎಂದಿದ್ದ. ಆಮೇಲೆ ಆ ತಪ್ಪಿನ ಮೇಲೆ ಕೂತು ಇಷ್ಟು ವರ್ಷ ತೀರ್ಪು ಕೊಟ್ಟಿದ್ದ. ಕುದುರೆ ನೋಡದವನು ಆಟ ಮಾಡಿದವನಲ್ಲ, ತಾನೇ. ಕಿವಿಗಳು ಕಾದವು. ತಪ್ಪಾಯ್ತು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಅವನ ಬಾಯಿಂದ ಬಂದದ್ದು, ಇದು ಬೇರೆ ಮುದ್ರಣ ಇರಬಹುದು ಎಂಬ ಮಾತು. ಪೆಟ್ಟಿಗೆ ಒಂದೇ, ಪುಸ್ತಿಕೆ ಒಂದೇ, ಅದರ ಮೇಲಿನ ಚಹಾದ ಕಲೆಯೂ ಅವನದೇ.

ಎಲ್ಲರೂ ಅವನ ಮುಖ ನೋಡುತ್ತಿದ್ದರು. ಆಗ ಭಾವ ಕೆಮ್ಮಿದ.

"ತಪ್ಪು ನಂದು" ಎಂದ. "ಪಂಡಿತ ಸರಿಯಾಗೇ ಹೇಳಿದ್ದ, ಬೇಕಿಲ್ಲ ಅಂತ. ನಾನು ಬಾರದು ಅಂತ ಬರ್ಕೊಂಡೆ. ಆಮೇಲೆ ಎಲ್ರೂ ನನ್ನ ಹಾಳೆ ನೋಡ್ಕೊಂಡೇ ಆಡಿದ್ದು, ಅವನೂ ಸೇರಿ."

ಕೋಣೆ ಹಗುರಾಯಿತು. ಲಾಂಡ್ರಿಯವನ ಅಂಗಡಿಗೆ ಹೊಸ ಬೋರ್ಡು ಬರೆಯುವ ಕೆಲಸ ಭಾವನಿಗೇ ಎಂದು ಮಾತಾಗಿತ್ತು. "ನಮ್ಮ ಬೋರ್ಡ್ ಬರೀವಾಗ ಜೋಪಾನ ಕಣಪ್ಪ" ಎಂದ ಅವನು. "ಇಲ್ಲಿ ಬಟ್ಟೆ ಒಗೆಯಬಾರದು ಅಂತ ಬರೆದುಬಿಟ್ಟೀಯ." ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕ. ಪಂಡಿತನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಆ ನಗು ತನ್ನದೇ ಕಿವಿಗೆ ಬಿದ್ದಾಗ, ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಆಟ ಮತ್ತೆ ಮೊದಲಿನಿಂದ ಶುರುವಾಯಿತು. ಕುದುರೆಗಳು ತಿರುಗಿದವು. ಹೊಡೆದು, ಸುತ್ತಿ ಬಂದು, ಬೆನ್ನಿಗೆ ಹೊಡೆದವು. ಇಂಥ ಆಟ ಆ ಮೇಜಿನ ಮೇಲೆ ನಡೆದೇ ಇರಲಿಲ್ಲ. ಸಂಜೆಯ ಹೊತ್ತಿಗೆ ಎರಡನೆಯ ಪೆಟ್ಟಿಗೆಯೇ ಸರಣಿಯ ಕಿರೀಟ ಎಂದು ಎಲ್ಲರೂ ಒಪ್ಪಿದ್ದರು. ತನಗೆ ಮೊದಲಿಂದಲೂ ಅನುಮಾನವಿತ್ತು ಎಂದು ಡಾಕ್ಟರು ನಾಚಿಕೆಯಿಲ್ಲದೆ ಹೇಳಿದರು.

ಬಸ್ ಸ್ಟಾಪಿನವರೆಗೆ ಪಂಡಿತ, ಭಾವ ಇಬ್ಬರೂ ಜೊತೆಗೆ ನಡೆದರು. ಪೆಟ್ಟಿಗೆ ಭಾವನ ಕಂಕುಳಲ್ಲಿತ್ತು. ಯಾಕೆ ಹಾಗಂದಿರಿ ಎಂದು ಪಂಡಿತ ಕೇಳಿದ.

"ನಿನ್ನ ಅನ್ನ ಮಾತಿಂದು" ಎಂದ ಭಾವ. "ಬೇಕಿಲ್ಲ, ಬಾರದು ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ ಅಂತ ಸುದ್ದಿಯಾದ್ರೆ ನಿಂಗೆ ಯಾರು ಕೆಲಸ ಕೊಡ್ತಾರೆ? ನಂದು ಬಣ್ಣ. ಒರೆಸಿ ಮತ್ತೆ ಬರೀಬಹುದು. ಮನೇಲಿ ನನ್ನ ತಂಗಿಗೆ ಹೇಳೋಕೆ ಹೋಗ್ಬೇಡ."

ಆ ವಾರವಿಡೀ ಕಚೇರಿಯಲ್ಲಿ ಪಂಡಿತನನ್ನು ಪ್ರತಿಯೊಂದು 'ಬಾರದು' ಕಣ್ಣು ಕೆಕ್ಕರಿಸಿ ನೋಡಿತು. ಮುಚ್ಚಳ ತೆರೆಯಬಾರದು ಎಂದು ತಾನು ಬರೆದದ್ದನ್ನು ನಂಬಿ, ಎಲ್ಲೋ ಒಬ್ಬ ಬಡಪಾಯಿ ವರ್ಷಗಳಿಂದ ಪಂಪಿನ ಮುಚ್ಚಳವನ್ನೇ ತೆರೆಯದೆ ಕೂತಿರಬಹುದು. ಯಾರಿಗೆಂದು ಹೇಳುವುದು, ಹೇಗೆ ಹೇಳುವುದು? ದಿನ ಕಳೆದಂತೆ ಹೇಳದಿರುವುದೇ ಅಭ್ಯಾಸವಾಗತೊಡಗಿತು.

ಶನಿವಾರ ಊಟಕ್ಕೆ ಕೂತಾಗ ಹೆಂಡತಿ ಅಣ್ಣನ ಮಾತು ತೆಗೆದಳು. ಲಾಂಡ್ರಿಯವನು ಬೋರ್ಡನ್ನು ಬೇರೆ ಕಡೆ ಪ್ರಿಂಟು ಹಾಕಿಸಿದನಂತೆ. ಔಷಧಿ ಅಂಗಡಿಯವನೂ ಒಪ್ಪಿಸಿದ್ದ ಕೆಲಸ ವಾಪಸು ತೆಗೆದುಕೊಂಡನಂತೆ. ಔಷಧಿ ವಿಷಯ, ಅಕ್ಷರ ಹೆಚ್ಚುಕಡಿಮೆಯಾದರೆ ಕಷ್ಟ ಅಂದನಂತೆ. "ಅಣ್ಣನಿಗೆ ಕಣ್ಣು ಮಂಜಾಗ್ತಿದೆಯೇನೋ. ಕೇಳಿದ್ರೆ ನಗ್ತಾನೆ. ನೀವಾದ್ರೂ ಒಂದ್ಸಲ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ" ಎಂದಳು. ಒರೆಸಿ ಮತ್ತೆ ಬರೆಯುವುದಕ್ಕೆ ಭಾವನಿಗೆ ಬೋರ್ಡೇ ಉಳಿದಿರಲಿಲ್ಲ. ಪಂಡಿತ ತಟ್ಟೆಯ ಮುಂದೆ ಕೂತೇ ಎಲ್ಲವನ್ನೂ ಹೇಳಿದ. ಅವಳು ಬಯ್ಯಲಿಲ್ಲ. ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಅಷ್ಟೇ.

ಮರುದಿನ ಬಿಲ್ಲೆಗಳನ್ನು ಜೋಡಿಸುವ ಮೊದಲೇ ಪಂಡಿತ ಎದ್ದು ನಿಂತ. ಭಾವ ಎದುರಿನ ಕುರ್ಚಿಯಲ್ಲಿದ್ದ.

"ಹೋದ ವಾರ ಭಾವ ಹೇಳಿದ್ದು ಸುಳ್ಳು" ಎಂದ. "ತಪ್ಪಾಗಿ ಹೇಳಿದ್ದು ನಾನು. ಅವರು ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೆದ್ರು. ನನ್ನ ಮರ್ಯಾದೆ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನಿದ್ದೆ."

ಡಾಕ್ಟರು ಎದ್ದು ಬಂದು ಅವನ ಕೈ ಹಿಡಿದು ಕುಲುಕಿದರು.

"ಭಾವನ ಮಾನ ಹೋಗಬಾರದು ಅಂತ ತಪ್ಪನ್ನ ನಿಮ್ಮ ತಲೆಗೆ ಕಟ್ಟಿಕೊಳ್ತಿದ್ದೀರಲ್ಲ" ಎಂದರು. "ದೊಡ್ಡ ಮನಸ್ಸು ನಿಮ್ಮದು."

ಅಲ್ಲ ಎಂದ ಪಂಡಿತ. ಆ ಪದವನ್ನು ಹೇಗೆ ತಪ್ಪಾಗಿ ಓದಿದೆ ಎಂದು ಪುಸ್ತಿಕೆ ಬಿಚ್ಚಿ ತೋರಿಸಿದ. ಬೇರೆ ಮುದ್ರಣ ಎಂದದ್ದೂ ಸುಳ್ಳೇ ಎಂದ. ಅವನು ಬಿಡಿಸಿ ಬಿಡಿಸಿ ಹೇಳಿದಷ್ಟೂ ಅವರ ಮುಖಗಳು ಕರಗಿದವು. ಇಷ್ಟು ವರ್ಷ ಆ ಭಾಷೆ ಅರೆದು ಕುಡಿದವನು ಅಷ್ಟು ಸಣ್ಣ ಪದಕ್ಕೆ ಎಡವುತ್ತಾನೆಯೇ? ಹಾಳೆಯ ಮೇಲೆ ಭಾವನ ಕೈಬರಹವೇ ಕಣ್ಣೆದುರು ಇಲ್ಲವೇ? ಸಂಬಂಧ ಅಂದರೆ ಹೀಗಿರಬೇಕು ಎಂದು ಲಾಂಡ್ರಿಯವನು ಕಣ್ಣೊರೆಸಿಕೊಂಡ. ಬೋರ್ಡಿನ ಮಾತನ್ನು ಅವನು ಎತ್ತಲಿಲ್ಲ. ಪ್ರಿಂಟಾದ ಬೋರ್ಡು ಆಗಲೇ ಕೆಳಗೆ ಬಾಗಿಲ ಮೇಲೆ ತೂಗುತ್ತಿತ್ತು.

ಪಂಡಿತ ಎದುರಿಗೆ ಕೂತವನ ಕಡೆ ತಿರುಗಿದ. "ನೀವಾದ್ರೂ ಹೇಳಿ ಭಾವ."

ಭಾವ ಒಂದು ಕುದುರೆಯ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಸವರುತ್ತ ಕೂತಿದ್ದ. ಅವನ ಉಗುರುಗಳ ಸಂದಿಯಲ್ಲಿ ಸದಾ ಇರುತ್ತಿದ್ದ ಬಣ್ಣ ಈ ವಾರ ಇರಲಿಲ್ಲ.

"ನೀನು ತಪ್ಪು ಹೇಳಿದಾಗೆಲ್ಲ ಎಲ್ರೂ ನಂಬಿದ್ರು" ಎಂದ. "ಇವತ್ತು ನಿಜ ಹೇಳಿದೆ, ನಂಬ್ತಿಲ್ಲ. ಅದಕ್ಕೆ ನಾನೇನು ಮಾಡ್ಲಿ? ಕೂತ್ಕೋ, ಆಡು."

ಪಂಡಿತ ಕೂತ. ಭಾವನ ಕುದುರೆ ಓಡಿ ಬಂದು ಹೊಡೆಯಿತು, ದಾಟಿ ಹೋಯಿತು, ತಿರುಗಿ ಬಂದು ಬೆನ್ನಿಗೆ ಹೊಡೆಯಿತು. ಪಂಡಿತನ ಸೈನಿಕ ಬಿದ್ದ. ಸೋತವನ ಕಡೆ ನೋಡುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಭಾವನ ಆಟಕ್ಕಲ್ಲ, ತನ್ನ ದೊಡ್ಡ ಮನಸ್ಸಿಗೆ ಎಂದು ತಿಳಿದಾಗ ಪಂಡಿತ ಬಿದ್ದ ಬಿಲ್ಲೆಯನ್ನು ಎತ್ತಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ, ಮತ್ತೆ ಎತ್ತಲಿಲ್ಲ.