ನಾಲ್ಕು ನಿಮಿಷದ ದೀಪ

ತೆರಿಗೆ ಕಚೇರಿಯಿಂದ ಕಾಗದ ಬಂದ ದಿನ ನಾನು ಎರಡು ಸಲ ಹಲ್ಲುಜ್ಜಿದೆ. ಒಮ್ಮೆ ಉಜ್ಜಿಯಾಗಿದೆ ಅನ್ನೋದು ನನಗೆ ಮರೆತಿತ್ತು, ನನ್ನ ಬ್ರಷ್ಷಿಗೆ ಮರೆತಿರಲಿಲ್ಲ. ‘ಇಂದಿನ ಬೆಳಗಿನ ಗುರಿ ಈಗಾಗಲೇ ಮುಗಿದಿದೆ’ ಅಂತ ಫೋನಿಗೆ ಸಂದೇಶ ಕಳಿಸಿತು. ಹೌದು, ನನ್ನ ಬ್ರಷ್ಷು ಮಾತಾಡುತ್ತದೆ. ನಗುವವರು ನಕ್ಕುಬಿಡಿ. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ ಈಗ ಸುಮ್ಮನಾಗಿದ್ದಾಳೆ.

ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ಹೋದ ವರ್ಷದ ಲೆಕ್ಕದಲ್ಲಿ ಮನೆಯ ಒಂದು ಕೋಣೆಯನ್ನು ಕೆಲಸಕ್ಕೆ ಮಾತ್ರ ಬಳಸುತ್ತೇನೆ ಎಂದು ತೋರಿಸಿದ್ದೀರಿ, ಬಾಡಿಗೆ ಮತ್ತು ಕರೆಂಟಿನ ಮೂರನೇ ಒಂದು ಭಾಗಕ್ಕೆ ವಿನಾಯಿತಿ ಪಡೆದಿದ್ದೀರಿ, ಪುರಾವೆ ತೆಗೆದುಕೊಂಡು ಬನ್ನಿ, ಇಪ್ಪತ್ತೊಂದು ದಿನ ಗಡುವು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಏಕೆಂದರೆ ಆ ಕೋಣೆಯಲ್ಲಿ ನನ್ನ ಮೇಜಿತ್ತು, ನನ್ನ ಎರಡು ಕಂಪ್ಯೂಟರ್ ಪರದೆಗಳಿದ್ದವು, ಮತ್ತೆ ಗೋಡೆಗೊತ್ತಿಕೊಂಡು ನನ್ನ ಮಾವನ ಮಂಚವಿತ್ತು.

ನಾನು ಕೈಪಿಡಿ ಬರೆಯುವವನು. ಹೀಟರು, ಕ್ಯಾಮೆರಾ, ಇಸ್ತ್ರಿಪೆಟ್ಟಿಗೆಯ ಡಬ್ಬಿಯೊಳಗೆ ತೆಳ್ಳಗಿನ ಪುಸ್ತಕ ಇರುತ್ತದಲ್ಲ, ಯಾರೂ ಓದದೆ ಡಬ್ಬಿ ಜೊತೆಗೇ ಎಸೆಯುವಂಥದ್ದು, ಅದನ್ನು ಬರೆಯುವ ಪ್ರಾಣಿ ನಾನೇ. ಮನೆಯಲ್ಲೇ ಕೂತು ಬರೆಯುತ್ತೇನೆ. ಪುಟಕ್ಕಿಷ್ಟು ಅಂತ ಸಿಗುತ್ತದೆ, ಸಿಕ್ಕಿದ್ದರಲ್ಲಿ ಅರ್ಧ ಹೊಸ ಯಂತ್ರ ಕೊಳ್ಳೋಕೆ ಹೋಗುತ್ತದೆ. ಉಳಿಸುವ ಯಂತ್ರಗಳನ್ನೇ ಕೊಳ್ಳೋದು ಅಂತ ನಾನು ವಾದಿಸುತ್ತೇನೆ. ನೀರು ಉಳಿಸುವ ನಲ್ಲಿ, ಕರೆಂಟು ಉಳಿಸುವ ಪ್ಲಗ್ಗು. ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ, ಲೆಕ್ಕದಲ್ಲಿ ಚುರುಕು. ‘ಇಂಜಿನಿಯರ್ ಸಾಹೇಬ್ರೇ, ಇನ್ನು ಹನ್ನೊಂದು ವರ್ಷ ಹೀಗೇ ಉಳಿಸಿದ್ರೆ ಆ ನಲ್ಲಿಯ ಅಸಲು ಬರುತ್ತೆ’ ಅಂತಾಳೆ. ನಾನು ಇಂಜಿನಿಯರೂ ಅಲ್ಲ, ಸಾಹೇಬನೂ ಅಲ್ಲ.

ಮಾವ ಅಂದರೆ ಅವಳ ಅಪ್ಪ. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಹೋದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿಕೊಳ್ಳೋಕೆ ಅಂತ ಎರಡು ವಾರಕ್ಕೆ ಬಂದರು, ಒಬ್ಬರೇ ಇರಬೇಡಿ ಅಂತ ಮಗಳು ಹಟ ಹಿಡಿದಳು, ಉಳಿದುಕೊಂಡರು. ತೆರಿಗೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಆ ವರ್ಷದ ಮೊದಲ ನಾಲ್ಕು ತಿಂಗಳು ಕೋಣೆ ನನ್ನದು, ಆಮೇಲಿನ ಎಂಟು ತಿಂಗಳು ಇಬ್ಬರದು. ನಾನು ಹನ್ನೆರಡು ತಿಂಗಳಿಗೂ ಗುರುತು ಹಾಕಿದ್ದೆ.

ಹಾಕುವಾಗ ನನಗೊಂದು ಸಮರ್ಥನೆ ಇತ್ತು. ಮಾವ ಬೆಳಗ್ಗೆ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಬರೋದು ಸಂಜೆ ಆರಕ್ಕೆ. ‘ನಿಮ್ಮ ಕೆಲಸಕ್ಕೆ ಅಡ್ಡಿಯಾಗಬಾರದು’ ಅಂತಿದ್ದರು. ರಸ್ತೆಯ ಕೊನೆಯಲ್ಲಿರುವ ಲೈಬ್ರರಿಯಲ್ಲಿ ಕೂರುತ್ತಿದ್ದರು. ‘ನಿಮ್ಮ ಮಾವ ಪೇಪರ್ ಹಿಡಿದುಕೊಂಡೇ ನಿದ್ದೆ ಮಾಡ್ತಾರೆ, ಪುಟ ಮಾತ್ರ ತಿರುಗಲ್ಲ’ ಅಂತ ಅಲ್ಲಿ ಪುಸ್ತಕ ಕೊಡುವವಳು ಒಮ್ಮೆ ನನ್ನ ಹತ್ತಿರ ನಕ್ಕಿದ್ದಳು. ವಯಸ್ಸಾದವರ ಬ್ಯಾಟರಿ ಹಗಲು ಹೊತ್ತು ಚಾರ್ಜ್ ಆಗುತ್ತೆ ಅಂತ ನಾನೂ ತಮಾಷೆ ಮಾಡಿದ್ದೆ. ಹಗಲಿಡೀ ಕೋಣೆ ನನ್ನದೇ ತಾನೆ, ರಾತ್ರಿ ಮಲಗಿದ ಮನುಷ್ಯ ಕೋಣೆಯನ್ನು ಏನು ಬಳಸುತ್ತಾನೆ, ಉಸಿರಾಡುತ್ತಾನೆ ಅಷ್ಟೆ ಅಂತ ನನಗೆ ನಾನೇ ವಕೀಲನಾಗಿದ್ದೆ.

ಈಗ ಆ ವಕೀಲ ಬಾಯಿ ಬಿಡುತ್ತಿರಲಿಲ್ಲ. ಸುಳ್ಳು ಅಂತ ತೀರ್ಮಾನವಾದರೆ ಪಡೆದ ವಿನಾಯಿತಿ ವಾಪಸು, ಮೇಲೆ ದಂಡ. ನನ್ನ ಉಳಿತಾಯದ ಆ್ಯಪ್‌ನಲ್ಲಿ ಒಂದೊಂದು ಉದ್ದೇಶಕ್ಕೆ ಒಂದೊಂದು ಡಬ್ಬಿ, ಡಬ್ಬಿಗೊಂದು ಹೆಸರು. ದಂಡ ಕಟ್ಟುವಷ್ಟು ದುಡ್ಡಿದ್ದದ್ದು ಒಂದೇ ಡಬ್ಬಿಯಲ್ಲಿ. ಅದರ ಹೆಸರು ‘ಇನ್ನೊಂದು ಕಣ್ಣು’. ಮಾವನ ಎರಡನೇ ಆಪರೇಷನ್ನಿಗೆ ಗಂಡ ಹೆಂಡತಿ ಇಬ್ಬರೂ ಸೇರಿ ಕೂಡಿಟ್ಟದ್ದು. ನಾನು ದಿನಕ್ಕೆ ಹತ್ತು ಸಲ ಆ ಡಬ್ಬಿ ತೆರೆದು ನೋಡುತ್ತಿದ್ದೆ, ಯಾರೋ ಆಗಲೇ ಕೈ ಹಾಕಿದ್ದಾರೇನೋ ಅನ್ನುವ ಹಾಗೆ.

ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು. ‘ಅಪ್ಪನಿಗೆ ಗೊತ್ತಾಗಬಾರದು’ ಅಂದಳು. ಎರಡು ಕೋಣೆಯ ಮನೆಯಲ್ಲಿ ಗೊತ್ತಾಗದೆ ಇರುತ್ತದೆಯೇ? ಮಾರನೆಯ ಬೆಳಗ್ಗೆ ನೋಡುತ್ತೇನೆ, ಮಾವ ಹಾಸಿಗೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ, ಮಂಚ ಮಡಚಿಟ್ಟಿದ್ದಾರೆ. ‘ಯಾರಾದ್ರೂ ನೋಡೋಕೆ ಬಂದ್ರೆ ಮೇಜೊಂದೇ ಕಾಣಲಿ’ ಅಂದರು. ನನಗೆ ನಾಚಿಕೆಯಾಯಿತು. ಆದರೂ ಬೇಡ ಅನ್ನಲಿಲ್ಲ.

ಮೂರನೆಯ ದಿನ ಪುರಾವೆ ಹೊಳೆಯಿತು. ಆ ಕೋಣೆಯ ದೀಪಕ್ಕೆ ನಾನು ಸೆನ್ಸರ್ ಹಾಕಿಸಿದ್ದೆ. ಗೋಡೆಯ ಸ್ವಿಚ್ಚನ್ನೇ ಕಿತ್ತು ಅಲ್ಲಿ ಖಾಲಿ ತಗಡು ಬಡಿದಿದ್ದೆ. ಯಾರಾದರೂ ಅಲ್ಲಾಡಿದರೆ ದೀಪ ಹೊತ್ತಿಕೊಳ್ಳುತ್ತದೆ, ಹತ್ತು ನಿಮಿಷ ಯಾರೂ ಅಲ್ಲಾಡದಿದ್ದರೆ ತಾನೇ ಆರುತ್ತದೆ. ಅದರ ಹೆಮ್ಮೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಉಳಿತಾಯದ ಪಟ್ಟಿ ಬೇರೆ ಅಂಟಿಸಿದ್ದೆ. ‘ನಮ್ಮಪ್ಪನ ಮನೇಲಿ ರಾತ್ರಿ ಇಡೀ ಲೈಟು ಉರೀತಿತ್ತು, ಅಮ್ಮ ಬೈದೂ ಬೈದೂ ಕೈಬಿಟ್ಟಿದ್ಲು’ ಅಂತ ಹೆಂಡತಿ ಅಂದಾಗ, ‘ಅದಕ್ಕೇ ನಿಮ್ಮನೇಲಿ ದುಡ್ಡು ಉಳೀಲಿಲ್ಲ’ ಅಂದಿದ್ದೆ. ‘ಹೌದಪ್ಪ, ಮಾತಾಡೋ ಬ್ರಷ್ಷು ಇಲ್ದೇ ನಾವು ಹಾಳಾದ್ವಿ’ ಅಂದಿದ್ದಳು.

ಆದರೆ ಮಾವ ಬಂದಮೇಲೆ ಪಟ್ಟಿಯಲ್ಲಿ ಆ ಕೋಣೆಯ ಗೆರೆ ಇಳಿಯಲೇ ಇಲ್ಲ, ಏರಿತು. ನನಗೆ ತಲೆ ಕೆಟ್ಟುಹೋಯಿತು. ಸೆನ್ಸರಿನೊಳಗಿನ ದಾಖಲೆ ತೆಗೆದು ನೋಡಬಹುದಿತ್ತು. ಅದನ್ನು ಬಿಟ್ಟು, ನಿಮ್ಮ ಮಾಲು ಕಳಪೆ ಅಂತ ಕಂಪನಿಗೆ ಮೂರು ಪುಟ ಬೈದು ಬರೆದೆ, ಹತ್ತು ನಿಮಿಷವನ್ನು ನಾಲ್ಕಕ್ಕೆ ಇಳಿಸಿದೆ. ಆಮೇಲೆ ಬೇರೆ ಯಾವುದೋ ಆಟಿಕೆ ಬಂತು, ಮರೆತೆ.

ಆ ದಾಖಲೆಯೇ ಈಗ ನನ್ನ ಪಾಲಿನ ದೇವರಾಯಿತು. ಸೆನ್ಸರಿಗೆ ಕಾಣೋದು ಅಲ್ಲಾಟ ಮಾತ್ರ. ಹಗಲು ಒಂಬತ್ತರಿಂದ ಆರು ನಾನು ಅಲ್ಲಾಡುತ್ತೇನೆ, ಅದು ಬರೆದುಕೊಂಡಿರುತ್ತದೆ. ರಾತ್ರಿ ಮಲಗಿದ ಮಾವ ಅದರ ಪಾಲಿಗೆ ಇಲ್ಲವೇ ಇಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ವರ್ಷದ ಒಟ್ಟು ಗಂಟೆ ನೋಡಿದೆ, ದಂಡಿಯಾಗಿತ್ತು. ಪುಟ ಪುಟ ನೋಡುವಷ್ಟು ತಾಳ್ಮೆ ಆ ದಿನಗಳಲ್ಲಿ ಯಾರಿಗಿತ್ತು? ಫೋನಿನಿಂದಲೇ ಅಚ್ಚಿನ ಅಂಗಡಿಗೆ ಕಳಿಸಿದೆ. ಇನ್ನೂರು ಚಿಲ್ಲರೆ ಪುಟ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಆ ದಪ್ಪ ನೋಡಿಯೇ ಅಧಿಕಾರಿ ಸುಸ್ತಾಗುತ್ತಾರೆ ಅಂದುಕೊಂಡೆ.

ಕಚೇರಿಯಲ್ಲಿ ಯಂತ್ರದಿಂದ ಚೀಟಿ ತೆಗೆದು ಒಂದೂವರೆ ಗಂಟೆ ಕಾದೆ. ಕೈಗಡಿಯಾರ ಎರಡು ಸಲ ನಡುಗಿ, ‘ಹೃದಯ ಬಡಿತ ಹೆಚ್ಚಾಗಿದೆ, ದೀರ್ಘವಾಗಿ ಉಸಿರಾಡಿ’ ಅಂತ ಹೇಳಿತು. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಒಳಗೆ ಕೂತಿದ್ದ ಅಧಿಕಾರಿ ನನ್ನ ಅಕ್ಕನ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಮಾತಿಗೆ ತಲೆದೂಗಲೂ ಇಲ್ಲ, ಪುಸ್ತಕ ಎಳೆದುಕೊಂಡು ನಡುವಿನ ಒಂದು ಪುಟ ತೆಗೆದರು. ಸುಸ್ತಾಗುವ ಜಾತಿಯಲ್ಲ ಅದು. ಬೆರಳಿಟ್ಟುಕೊಂಡು ಸಾಲು ಸಾಲು ಓದಿದರು.

‘ರಾತ್ರಿ ಹೊತ್ತೂ ಕೆಲಸ ಮಾಡ್ತೀರಾ?’ ಅಂದರು.

‘ಇಲ್ಲ ಮೇಡಂ. ಆರಕ್ಕೆ ಮುಗೀತು.’

‘ಇಲ್ಲಿ ಹಾಗಿಲ್ಲವಲ್ಲ.’ ಪುಸ್ತಕ ತಿರುಗಿಸಿ ನನ್ನ ಕಡೆ ತಳ್ಳಿದರು. ‘ಹನ್ನೊಂದು ಹತ್ತು. ಹನ್ನೊಂದು ಹದಿನಾಲ್ಕು. ಹನ್ನೊಂದು ಹದಿನೆಂಟು. ಹೀಗೇ ಬೆಳಗಿನ ಜಾವ ಐದರವರೆಗೂ ಇದೆ. ಮಾರನೇ ದಿನವೂ ಹಾಗೇ.’ ಮತ್ತಷ್ಟು ಪುಟ ಮಗುಚಿದರು. ‘ಎಲ್ಲಾ ದಿನವೂ ಹಾಗೇ. ನಾಲ್ಕು ನಿಮಿಷಕ್ಕೊಮ್ಮೆ ಏನು ಮಾಡ್ತೀರಿ?’

ಪುಸ್ತಕದ ಮೇಲೆ ನನ್ನ ಕಣ್ಣು ಓಡುತ್ತಿತ್ತು. ಮೊದಲು ಹೊಳೆದದ್ದು ಏನು ಗೊತ್ತೇ? ನಾಚಿಕೆ ಬಿಟ್ಟು ಹೇಳುತ್ತೇನೆ: ಒಳ್ಳೆಯದೇ ಆಯಿತು, ಹೌದು ರಾತ್ರಿಯೂ ಬರೀತೀನಿ ಅಂದುಬಿಟ್ಟರೆ ಗೆದ್ದೆ. ಆಕೆಯೇ ದಾರಿ ತೋರಿಸಿಕೊಟ್ಟಿದ್ದರು. ಬಾಯಿ ತೆರೆದೂ ಆಗಿತ್ತು.

ಅಷ್ಟರಲ್ಲಿ ನಾಲ್ಕು ನಿಮಿಷ ಅನ್ನೋದು ತಲೆಗೆ ಹೋಯಿತು. ನಾಲ್ಕು ನಿಮಿಷಕ್ಕೆ ಆರುವುದು ದೀಪ. ಆರಿದಾಗಲೆಲ್ಲ ಯಾರೋ ಅದನ್ನು ಮತ್ತೆ ಹೊತ್ತಿಸುತ್ತಿದ್ದಾರೆ. ಒಂದಷ್ಟು ಪುಟ ಹಿಂದಕ್ಕೆ ಮಗುಚಿದೆ. ನಾನು ಸಮಯ ಇಳಿಸುವುದಕ್ಕೆ ಮುಂಚಿನ ರಾತ್ರಿಗಳಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ಇತ್ತು.

‘ಅದು ನಾನಲ್ಲ’ ಅಂದೆ. ‘ನಮ್ಮ ಮಾವ. ಆ ಕೋಣೇಲಿ ಮಲಗ್ತಾರೆ. ಎಂಟು ತಿಂಗಳಿಂದ... ಅಲ್ಲ, ಈಗ ವರ್ಷದ ಮೇಲಾಯ್ತು. ನಾನು ಬರೆದದ್ದು ಸುಳ್ಳು.’

‘ಮಲಗ್ತಾರೆ ಅಂತೀರಿ, ಇಲ್ಲಿ ಮಲಗಿದ ಹಾಗೆ ಕಾಣಲ್ಲವಲ್ಲ’ ಅಂದರು ಅವರು. ಗದರಿಸುವ ದನಿಯಲ್ಲ, ಸುಮ್ಮನೆ ಕೇಳಿದ್ದು. ನನಗೆ ಅಳು ಬಂತು. ಆಕೆ ಗಾಬರಿಯಾಗಿ ನೀರಿನ ಲೋಟ ಮುಂದಿಟ್ಟರು. ಎಂಟು ತಿಂಗಳ ವಿನಾಯಿತಿ ಬಡ್ಡಿ ಸಮೇತ ಕಟ್ಟಬೇಕು, ತಾವಾಗಿಯೇ ಒಪ್ಪಿಕೊಂಡರು ಅಂತ ಬರೀತೀನಿ, ದಂಡ ಮೇಲಿನವರು ನಿರ್ಧರಿಸುತ್ತಾರೆ ಅಂದರು. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಎದ್ದೆ.

ಮನೆಗೆ ಹೋಗದೆ ನೇರ ಲೈಬ್ರರಿಗೆ ಹೋದೆ. ಮಾವ ಕಿಟಕಿ ಪಕ್ಕದ ಬೆಂಚಿನಲ್ಲಿ ಪೇಪರ್ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ. ಎಚ್ಚರಾಗಿ, ‘ಏನಾಯ್ತು? ಒಪ್ಪಿದ್ರಾ?’ ಅಂದರು.

‘ಮಾವ, ರಾತ್ರಿ ನೀವು ನಿದ್ದೆ ಮಾಡಲ್ವಾ?’

ಅವರು ಪೇಪರನ್ನು ನಾಲ್ಕಾಗಿ ಮಡಚಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. ‘ಒಮ್ಮೆ ಲಿಫ್ಟು ಓಡಾಡೋ ಬಾವೀಲಿ ಸಿಕ್ಕಿಹಾಕಿಕೊಂಡಿದ್ದೆ’ ಅಂದರು. ‘ಶನಿವಾರ ಸಂಜೆ. ಟಾರ್ಚು ಕೈಜಾರಿ ಕೆಳಗೆ ಬಿತ್ತು. ಸೋಮವಾರ ಬೆಳಗ್ಗೆ ಬಂದು ತೆಗೆದ್ರು. ಅವತ್ತಿಂದ ಕತ್ತಲೇಲಿ ಉಸಿರು ಕಟ್ಟುತ್ತೆ. ಬೆಳಕಿದ್ರೆ ಏನೂ ಇಲ್ಲ, ಚೆನ್ನಾಗೇ ಇರ್ತೀನಿ.’

‘ಒಂದು ಮಾತು ನನಗೆ ಹೇಳಬಾರದಿತ್ತಾ?’

‘ಹೇಳೋಕೇನಿದೆ, ನೀವೇ ಬರೆದುಕೊಟ್ಟಿದ್ರಲ್ಲ.’ ಅಂಗಿಯ ಜೇಬಿನಿಂದ ಒಂದು ಹಾಳೆ ತೆಗೆದರು. ಅವರು ಬಂದ ಮೊದಲ ವಾರ ನಾನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಟ್ಟ ಕೈಪಿಡಿ. ಮಡಿಕೆಯಲ್ಲಿ ಹರಿದದ್ದಕ್ಕೆ ಟೇಪು ಅಂಟಿಸಿದ್ದರು. ಮೂರನೇ ಸಾಲಿನಲ್ಲಿ ಹೀಗಿತ್ತು: ‘ದೀಪ ಆರಿದರೆ ಗಾಬರಿಯಾಗಬೇಡಿ. ಮಲಗಿದಲ್ಲಿಂದಲೇ ಕೈ ಎತ್ತಿ ಬೀಸಿ.’

‘ಮೊದಮೊದಲು ಸುಲಭ ಇತ್ತು’ ಅಂದರು. ‘ನಡುನಡುವೆ ಒಂದಿಷ್ಟು ಕಣ್ಣು ಹತ್ತುತ್ತಿತ್ತು. ಆಮೇಲೆ ಯಾಕೋ ಬೇಗ ಬೇಗ ಆರೋಕೆ ಶುರುವಾಯ್ತು. ಹಳೇದಾಯ್ತೇನೋ ಅಂದುಕೊಂಡೆ. ಹೇಳಿದ್ರೆ ನೀವು ಹೊಸದು ತರ್ತೀರಿ. ಸುಮ್ನೆ ಖರ್ಚು.’

ಹಳೆಯದಾಗಿರಲಿಲ್ಲ, ನಾನೇ ಇಳಿಸಿದ್ದು ಅಂತ ಹೇಳಿದೆ. ಹೇಳದಿದ್ದರೆ ಆಗುತ್ತಿರಲಿಲ್ಲ. ಅವರು ಆ ಹಾಳೆಯನ್ನು ಮತ್ತೆ ಜೇಬಿಗಿಟ್ಟುಕೊಂಡು, ‘ಹೌದಾ? ಹಾಗಾದ್ರೆ ಯಂತ್ರ ಚೆನ್ನಾಗೇ ಇದೆ’ ಅಂದರು.

ಆ ವಾರ ಎರಡನೇ ಪರದೆ, ಕೈಗಡಿಯಾರ, ಮೂರು ಜೊತೆ ಹೆಡ್‌ಫೋನು, ಹಾರಿಸದೆ ಇಟ್ಟಿದ್ದ ಡ್ರೋನು ಎಲ್ಲ ಮಾರಿದೆ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ, ಬಡ್ಡಿ ಸಮೇತ ಕಟ್ಟುವಷ್ಟು ಬಂತು. ದಂಡದ ಕಾಗದ ಇನ್ನೂ ಬಂದಿಲ್ಲ. ಅಂಚೆಯವನ ಗಾಡಿ ಸದ್ದು ಕೇಳಿದರೆ ಈಗಲೂ ಬಾಗಿಲಿಗೆ ಓಡುತ್ತೇನೆ. ಎಲೆಕ್ಟ್ರಿಷಿಯನ್ನು ಸೆನ್ಸರ್ ಕಿತ್ತು ಹಳೆಯ ಸ್ವಿಚ್ಚು ಕೂರಿಸಿಹೋದ. ಹೆಂಡತಿ ಅದನ್ನು ಒತ್ತಿದಳು, ಆರಿಸಿದಳು, ಮತ್ತೆ ಒತ್ತಿದಳು. ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಈಗ ಕೋಣೆ ಕೆಲಸಕ್ಕೆ ಮಾತ್ರ ಅಲ್ಲ ಅಂತ ಸರ್ಕಾರಕ್ಕೇ ಗೊತ್ತಾಗಿದೆಯಲ್ಲ. ‘ಇನ್ನು ಹಗಲು ಲೈಬ್ರರಿಗೆ ಹೋಗಬೇಡಿ, ಇಲ್ಲೇ ಮಲಗಿ’ ಅಂತ ಮಾವನಿಗೆ ಹೇಳಿದೆ. ಒಂದು ವಾರ ಸಂಕೋಚಪಟ್ಟುಕೊಂಡು ಹೋಗೇ ಹೋದರು. ನಿನ್ನೆ ಉಳಿದರು. ಮಧ್ಯಾಹ್ನ ಕಿಟಕಿಯ ಪರದೆ ಎಳೆದು ದೀಪ ಹಾಕಿದೆ, ಅವರು ಮಂಚದಲ್ಲಿ ಮಲಗಿದರು, ನಾನು ಮೇಜಿನಲ್ಲಿ ಕೂತು ಯಾವುದೋ ಕೆಟಲ್ಲಿನ ಕೈಪಿಡಿ ಬರೆಯುತ್ತಿದ್ದೆ. ಸಣ್ಣಗೆ ಗೊರಕೆ ಶುರುವಾಯಿತು. ನನಗೆ ಎಷ್ಟೋ ದಿನದ ಮೇಲೆ ಹಗುರಾಯಿತು.

ಆಮೇಲೆ ಬಟ್ಟೆ ಸರಿದ ಸದ್ದಾಯಿತು. ತಿರುಗಿ ನೋಡಿದೆ. ಕಣ್ಣು ಮುಚ್ಚಿತ್ತು, ಗೊರಕೆ ನಿಂತಿರಲಿಲ್ಲ. ಬಲಗೈ ಮೇಲಕ್ಕೆ ಹೋಗಿ ಎರಡು ಸಲ ಬೀಸಿ ಹೊದಿಕೆಯ ಮೇಲೆ ಬಿತ್ತು. ಗೋಡೆ ಗಡಿಯಾರ ನೋಡಬಾರದು ಅಂದುಕೊಂಡೆ, ನೋಡಿದೆ. ಮತ್ತೆ ಕೈ ಎದ್ದಾಗ ನಾಲ್ಕು ನಿಮಿಷವಾಗಿತ್ತು.

ಮೂರನೇ ಸಲ ಏಳುವ ಮೊದಲೇ ಕುರ್ಚಿ ಎಳೆದುಕೊಂಡು ಹೋಗಿ ಆ ಕೈ ಹಿಡಿದುಕೊಂಡೆ. ಹೊತ್ತಾದಾಗ ಅದು ಒಮ್ಮೆ ಜಗ್ಗಿತು, ನಾನು ಬಿಡಲಿಲ್ಲ, ಸುಮ್ಮನಾಯಿತು. ಎಂಟು ನಿಮಿಷಕ್ಕೆ ಇನ್ನೊಮ್ಮೆ ಜಗ್ಗಿತು. ಕೆಟಲ್ಲಿನ ಕೆಲಸ ನಿನ್ನೆ ಮುಗಿಯಲಿಲ್ಲ.