ದಿಣ್ಣೆ ಮೇಲೆ ಏನೂ ಇಲ್ಲ

ಬಂದೂಕಿನ ಹೊಗೆ ಇನ್ನೂ ಕೊಟ್ಟಿಗೆಯ ಹಿಂದೆಯೇ ಸುಳಿಯುತ್ತಿತ್ತು. ವರ್ಲಿನ್ ಆಗಲೇ ಗುರಿ ಹಲಗೆಯ ಹತ್ತಿರ ಹೋಗಿ, ಕಾಗದದ ಮೇಲೆ ಬರೆದಿದ್ದ ಟರ್ಕಿ ಕೋಳಿ ಹುಂಜದ ಕತ್ತಿಗೆ ಬಿದ್ದ ತೂತುಗಳನ್ನು ಬೆರಳಿಟ್ಟು ನೋಡುತ್ತಿದ್ದ. ಡಾಯಲ್ ಟೀಗ್ ನೋಡುತ್ತಿದ್ದದ್ದು ಮಾತ್ರ ವರ್ಲಿನ್‌ನ ಮುಖವನ್ನು.

"ಬೆಳಿಗ್ಗೆ ದಿಣ್ಣೆಗೆ ಹೋಗಿದ್ಯೇನಯ್ಯಾ?" ಎಂದ ಡಾಯಲ್.

ವರ್ಲಿನ್ ಬಗ್ಗಿದವನು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾಗಿ, "ಸ್ವಲ್ಪ ಎಡಕ್ಕೆ ಹೊಡೀತದೆ. ಪರವಾಗಿಲ್ಲ, ಸತ್ತೇ ಹೋಗ್ತದೆ" ಎಂದು ಕಾಗದ ಕಿತ್ತು ಮಡಚಿದ.

ನೋಡು, ಹೇಗೆ ಜಾರಿಕೊಂಡ ಎಂದುಕೊಂಡ ಡಾಯಲ್. ಎದುರಿಗೆ ಹೋಗಿ ನಿಂತು ಮತ್ತೆ ಕೇಳಿದ. "ದಿಣ್ಣೆ ಮೇಲೆ ಏನಾದ್ರೂ ಕೂಗ್ತಾ ಅಂತ ಕೇಳ್ದೆ."

"ಇಲ್ಲ ಕಣಯ್ಯಾ. ಏನೂ ಇಲ್ಲ. ಎಲ್ಲೋ ಎದ್ದು ಹೋಗವೆ." ಅಷ್ಟು ಹೇಳಿ ವರ್ಲಿನ್ ತನ್ನ ಟ್ರಕ್ ಹತ್ತಿ ಹೊರಟೇಬಿಟ್ಟ.

ಓಝಾರ್ಕ್ ಗುಡ್ಡಗಳಲ್ಲಿ ಟರ್ಕಿ ಬೇಟೆಯ ಏಪ್ರಿಲ್ ಬಂತೆಂದರೆ ಸುಳ್ಳು ಹೇಳುವುದು ಪಾಪವಲ್ಲ. ಹುಂಜ ಎಲ್ಲಿ ಕೂಗುತ್ತಿದೆ ಎಂದು ಕೇಳಿದರೆ ಇಗರ್ಜಿಯ ಪಾದ್ರಿಯೂ ಬೇರೆ ಯಾವುದೋ ಹಳ್ಳ ತೋರಿಸುತ್ತಾನೆ, ಕೇಳಿದವನಿಗೂ ಅದು ಗೊತ್ತಿರುತ್ತದೆ. ಆದರೆ ಒಟ್ಟಿಗೆ ಬೇಟೆಯಾಡುವ ಇಬ್ಬರ ನಡುವೆ ಮಾತ್ರ ಸುಳ್ಳಿಗೆ ಜಾಗವಿಲ್ಲ. ಇಬ್ಬರೂ ಎಲೆಯ ಬಣ್ಣದ ಬಟ್ಟೆ ತೊಟ್ಟು, ಇಬ್ಬರೂ ಹುಂಜವನ್ನು ಸೆಳೆಯಲು ಹೆಣ್ಣು ಟರ್ಕಿಯ ದನಿ ತೆಗೆದು, ಕೈಯಲ್ಲಿ ಬಂದೂಕು ಹಿಡಿದು ಕೂತಿರುತ್ತಾರೆ. ಎಲ್ಲಿ ಕೂತಿದ್ದೇನೆ ಎಂದು ಒಬ್ಬ ಸುಳ್ಳು ಹೇಳಿದರೆ ಇನ್ನೊಬ್ಬನ ಬಂದೂಕಿನ ಚರೆ ಅವನ ಮುಖಕ್ಕೇ ಬಂತು. ಡಾಯಲ್ ಮತ್ತು ವರ್ಲಿನ್ ಮೀಸೆ ಚಿಗುರಿದಾಗಿನಿಂದ ಹೀಗೆ ಒಬ್ಬರ ಮಾತಿನ ಮೇಲೆ ಒಬ್ಬರು ಜೀವ ಇಟ್ಟವರು. ಮೊದಲ ದಿನದ ಬೇಟೆಯನ್ನು ಬೇರೆಯವರ ಜೊತೆ ಆಡಿದವರೇ ಅಲ್ಲ. ಹಳ್ಳದ ಬಯಲನ್ನು ನೋಡಿಕೊಳ್ಳುವುದು ಡಾಯಲ್‌ನ ಪಾಲು. ದಿಣ್ಣೆಯ ಬುಡದಲ್ಲೇ ಮನೆ ಇರುವ ವರ್ಲಿನ್ ನಸುಕಿನಲ್ಲಿ ಮೇಲೆ ಹತ್ತಿ, ಹುಂಜ ಯಾವ ಮರದಲ್ಲಿ ಮಲಗುತ್ತದೆ ಎಂದು ಕಿವಿಗೊಟ್ಟು ಬರಬೇಕು.

ಈ ವಸಂತದಲ್ಲಿ ಅವನು ಪ್ರತಿ ದಿನ ತಂದ ಸುದ್ದಿ ಒಂದೇ. ಏನೂ ಇಲ್ಲ.

ಡಾಯಲ್ ನಂಬಿದ್ದ. ಮೇವಿನ ಅಂಗಡಿಯಲ್ಲಿ ಕ್ಲೀಟಸ್ ಸಿಗುವವರೆಗೂ ನಂಬಿದ್ದ. ಕ್ಲೀಟಸ್ ಊರಿನ ಸುದ್ದಿಯನ್ನೆಲ್ಲ ಮೂಟೆ ಕಟ್ಟಿ ಹಂಚುವ ಮನುಷ್ಯ. ಕೋಳಿ ಕಾಳಿನ ಚೀಲ ಹೆಗಲ ಮೇಲಿಟ್ಟುಕೊಂಡೇ ಹಲ್ಲು ಕಿರಿದ.

"ಏನಪ್ಪಾ ನಿಮ್ಮ ಓಕ್ ದಿಣ್ಣೆ ಹುಂಜ! ಗಂಟಲು ಹರ್ಕೊಳ್ತಾ ಇದೆ. ಹಾಲಿನ ಲಾರಿ ಹುಡುಗನಿಗೆ ರಸ್ತೇಗೇ ಕೇಳ್ಸುತ್ತಂತೆ."

"ವರ್ಲಿನ್ ಏನೂ ಇಲ್ಲ ಅಂದ."

"ನಿನಗೆ ಹಂಗಂದ್ನಾ?" ಕ್ಲೀಟಸ್ ಚೀಲ ಕೆಳಗಿಳಿಸಿದ. "ಅವನ ಅಳಿಯ ಸೇಂಟ್ ಲೂಯಿಸ್‌ನಿಂದ ಬರ್ತಾನಂತೆ, ಹೊಸ ಬಂದೂಕು ತಗೊಂಡವನೆ. ನಾನೇನೂ ಹೇಳಲ್ಲಪ್ಪ. ಸೋಮವಾರ ಬೇಟೆ ಸೀಸನ್ ತೆರೆದಾಗ ಬೇಕಾದ್ರೆ ನನ್ನ ಜೊತೆ ಬಾ. ಆ ದಿಣ್ಣೆ ಹಿಂದುಗಡೆ ನನಗೂ ದಾರಿ ಇದೆ."

ಅವತ್ತಿನಿಂದ ಡಾಯಲ್‌ನ ತಲೆಯಲ್ಲಿ ಹುಳ ಹೊಕ್ಕಿತು. ಒಮ್ಮೆ ಹೊಕ್ಕ ಮೇಲೆ ಅದಕ್ಕೆ ಮೇವಿಗೇನು ಬರವೇ? ಫೋನ್ ಮಾಡಿದರೆ ವರ್ಲಿನ್ ಎತ್ತುತ್ತಿರಲಿಲ್ಲ. ಎತ್ತಿದರೂ ಹೂಂ ಹೂಂ ಎಂದು ಇಟ್ಟುಬಿಡುತ್ತಿದ್ದ. ಹೋಟೆಲಿನಲ್ಲಿ ನಾಲ್ಕು ಜನ ಟರ್ಕಿಯ ಮಾತು ತೆಗೆದರೆ ಅವನು ಬನ್ನಿನಂಥ ಬಿಸ್ಕಿಟ್ಟನ್ನು ಗ್ರೇವಿಯಲ್ಲಿ ಅದ್ದುತ್ತಾ, ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದ. ನಾನೂ ಜೊತೆಗೆ ಬರುತ್ತೇನೆ ಎಂದು ಡಾಯಲ್ ಅಂದಾಗ, "ಬೇಡ, ಇಬ್ಬರು ಹೋದ್ರೆ ಸದ್ದಾಗ್ತದೆ" ಎಂದಿದ್ದ. ಎಷ್ಟೋ ವರ್ಷಗಳಲ್ಲಿ ಆಗದ ಸದ್ದು ಈಗ ಆಗಿಬಿಡುತ್ತದಂತೆ.

ಶುಕ್ರವಾರ ಸಂಜೆ ಡಾಯಲ್ ಅಡುಗೆಮನೆ ಮೇಜಿನ ಮೇಲೆ ದೇವದಾರಿನ ಕರೆಪೆಟ್ಟಿಗೆ ಇಟ್ಟುಕೊಂಡು, ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕುತ್ತಿದ್ದ. ಮುಚ್ಚಳ ಎಳೆದರೆ ಹೆಣ್ಣು ಟರ್ಕಿಯ ಕೀರಲು ದನಿ ಬರಬೇಕು. ಅವತ್ತು ಎಷ್ಟು ತಿಕ್ಕಿದರೂ ಬಾಗಿಲ ಕೀಲು ಕಿರುಗುಟ್ಟಿದ ಹಾಗೆಯೇ ಕೇಳುತ್ತಿತ್ತು.

"ಮನಸ್ಸಲ್ಲಿರೋದನ್ನ ಆ ಪೆಟ್ಟಿಗೆ ಮೇಲೆ ಯಾಕೆ ತೀರಿಸ್ಕೊಳ್ತೀಯ?" ಎಂದಳು ಹೆಂಡತಿ ಓಪಲ್. "ಹೋಗಿ ಅವನನ್ನೇ ಕೇಳಬಾರ್ದಾ?"

"ಕೇಳಿದ್ರೆ ಒಪ್ಕೊಂಬಿಡ್ತಾನಾ? ಅಳಿಯ ಬರ್ತಾನೆ, ಅಳಿಯನಿಗೆ ಹುಂಜ ಬೇಕು. ಹಂಗಂತ ಬಾಯಿಬಿಟ್ಟು ಹೇಳಿದ್ರೆ ನಾನೇ ಎತ್ತಿ ಕೊಡ್ತಿದ್ದೆ. ಕಣ್ಣಿಗೆ ಮಣ್ಣೆರಚೋದು ಯಾಕೆ?"

"ನಿಮಗಿಬ್ಬರಿಗೂ ವಯಸ್ಸಾಯ್ತು, ಬುದ್ಧಿ ಬರಲಿಲ್ಲ" ಎಂದು ಅವಳು ದೀಪ ಆರಿಸಿ ಎದ್ದುಹೋದಳು.

ಡಾಯಲ್ ತೀರ್ಮಾನಿಸಿಬಿಟ್ಟ. ನಾಳೆ ಕಣ್ಣಾರೆ ನೋಡುವುದು. ವರ್ಲಿನ್ ಸುಳ್ಳು ಹೇಳಿದ್ದು ನಿಜವಾದರೆ ಸೋಮವಾರ ಕ್ಲೀಟಸ್ ಜೊತೆ. ಆಮೇಲೆ ಆ ಮನುಷ್ಯನ ಮುಖ ನೋಡುವುದಿಲ್ಲ.

ಶನಿವಾರ ಇನ್ನೂ ಬೆಳಕು ಹರಿದಿರಲಿಲ್ಲ. ಟ್ರಕ್ಕನ್ನು ಸ್ಮಶಾನದ ಬೇಲಿಯ ಹತ್ತಿರ ಬಿಟ್ಟು, ಡಾಯಲ್ ದಿಣ್ಣೆಯನ್ನು ಹಿಂದಿನಿಂದ ಹತ್ತಿದ. ಕಳ್ಳನ ಹಾಗೆ ಬರುತ್ತಿರುವವನು ತಾನೇ ಎಂದು ಅನ್ನಿಸಿ ಇನ್ನಷ್ಟು ಕೋಪ ಬಂತು. ಮೇಲೆ ತಲುಪಿ ಒಂದು ಬಿದ್ದ ಮರದ ಹಿಂದೆ ಕೂತ. ಸ್ವಲ್ಪ ಬೆಳಕಾದ ಮೇಲೆ, ಕೆಳಗೆ ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ ವರ್ಲಿನ್ ಕಂಡ. ಅಳಿಯ ಇರಲಿಲ್ಲ. ಒಬ್ಬನೇ ಇದ್ದ.

ವರ್ಲಿನ್ ಬಾಯಿಗೆ ಅಂಗೈ ಹಿಡಿದು ಗೂಬೆಯ ಹಾಗೆ ಕೂಗಿದ. ಗೂಬೆ ದನಿಗೆ ರೇಗಿ ಹುಂಜ ಮರದ ಮೇಲಿಂದಲೇ ಉತ್ತರ ಕೊಡುತ್ತದೆ. ಕೊಟ್ಟೇ ಕೊಟ್ಟಿತು. ವರ್ಲಿನ್‌ನ ಬೆನ್ನ ಹಿಂದಿನ ಪೈನ್ ಮರದಿಂದ, ಎಂಥ ಕೂಗು! ಇಷ್ಟು ಹತ್ತಿರ, ಇಷ್ಟು ಗಟ್ಟಿ ಗಂಟಲಿನ ಹುಂಜ!

ಏನೂ ಇಲ್ಲವಂತೆ, ಬೋಳಿಮಗನೇ, ಎಂದು ಎದ್ದು ಬಯ್ಯಲು ಹೊರಟ. ಕಾಲೂರಿದ್ದ. ಅಷ್ಟರಲ್ಲಿ ವರ್ಲಿನ್ ಮತ್ತೆ ಗೂಬೆ ಕೂಗಿದ.

ಡಾಯಲ್ ನಿಂತ. ಆಗಲೇ ಉತ್ತರ ಕೊಟ್ಟ ಹುಂಜಕ್ಕೆ ಯಾರಾದರೂ ಮತ್ತೆ ಗೂಬೆ ಕೂಗಿ ಅದನ್ನು ಎಚ್ಚರಿಸುತ್ತಾರೆಯೇ? ಮೊದಲ ಸಲ ಕಾಡಿಗೆ ಬಂದವನೂ ಆ ಕೆಲಸ ಮಾಡುವುದಿಲ್ಲ. ಹುಂಜ ಮತ್ತೆ ಕೂಗಿತು. ವರ್ಲಿನ್ ಎರಡೂ ಕಿವಿಗಳ ಹಿಂದೆ ಅಂಗೈ ಹಿಡಿದು ಹಳ್ಳದ ಕಡೆ ಕತ್ತು ಚಾಚಿದ. ಹುಂಜ ಅವನ ಬೆನ್ನಿಗೇ ಕೂಗುತ್ತಿತ್ತು. ಅವನು ಹಳ್ಳದ ಕಡೆಯೇ ನೋಡುತ್ತಿದ್ದ. ಆಮೇಲೆ ಟೋಪಿ ತೆಗೆದು, ಖಾಲಿ ಕಾಡಿಗೆ ಹೇಳಿದ. ತನ್ನ ದನಿ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿದ್ದಂತಿರಲಿಲ್ಲ.

"ಒಂದೇ ಒಂದು ಸಲ ಕೂಗೋ. ನಿನ್ನ ದಮ್ಮಯ್ಯ."

ಡಾಯಲ್ ಬಿದ್ದ ಮರದ ಮೇಲೆ ಕುಸಿದು ಕೂತ. ಅಷ್ಟು ದಿನ ಹೊಟ್ಟೆಯಲ್ಲಿ ಕುದಿಸಿಕೊಂಡು ಬಂದದ್ದೆಲ್ಲ ತನ್ನ ಮೇಲೇ ಸುರಿದ ಹಾಗಾಯಿತು. ಫೋನು, ಹೋಟೆಲಿನ ನಗು, ಕೊಟ್ಟಿಗೆ ಹಿಂದೆ ಜಾರಿಸಿದ ಮಾತು, ಎಲ್ಲವನ್ನೂ ನೋಡಿದವನು ತಾನೇ. ಅವನಿಗೆ ನಾಚಿಕೆಯಾಯಿತು. ಬಂದ ದಾರಿಯಲ್ಲೇ ಇಳಿದು ಹೋಗಿಬಿಡಲೇ ಎಂದೂ ಅನ್ನಿಸಿತು. ಹೋಗಲಿಲ್ಲ. ಹಿಂದಿನಿಂದ ಬಂದರೆ ಬೆಚ್ಚಿಬೀಳುತ್ತಾನೆಂದು ಸುತ್ತು ಹಾಕಿ, ವರ್ಲಿನ್‌ನ ಕಣ್ಣಿಗೆ ಬೀಳುವ ಹಾಗೆ ಎದುರಿನಿಂದ ಹತ್ತಿ ಬಂದ.

"ನೀನೇನಯ್ಯಾ ಇಲ್ಲಿ?" ಎಂದ ವರ್ಲಿನ್. "ನಾನು ಹೇಳ್ಲಿಲ್ವಾ, ಇಲ್ಲಿ ಏನೂ ಇಲ್ಲ."

"ಹೌದು. ಏನೂ..." ಎಂದು ಡಾಯಲ್ ಬಾಯಿ ತೆರೆದ. ಆಗಲೇ ಹುಂಜ ಕೂಗಿತು. ಅವನು ಬೇಡವೆಂದುಕೊಂಡರೂ ಕತ್ತು ತಾನಾಗಿಯೇ ಪೈನ್ ಮರದ ಕಡೆ ತಿರುಗಿತು.

ವರ್ಲಿನ್ ಅವನ ಮುಖವನ್ನೇ ನೋಡುತ್ತಿದ್ದ.

"ಕೂಗ್ತಾ?"

ಡಾಯಲ್ ಹೌದೆಂದು ತಲೆಯಾಡಿಸಿದ.

"ಹತ್ತಿರವಾ?"

ಡಾಯಲ್ ಪೈನ್ ಮರದ ಕಡೆ ಕೈ ತೋರಿಸಿದ. ವರ್ಲಿನ್ ನಿಧಾನವಾಗಿ ಹಿಂದೆ ತಿರುಗಿ ನೋಡಿ, ಮತ್ತೆ ಈ ಕಡೆ ತಿರುಗಿದ.

"ನಾನು ಸುಳ್ಳು ಹೇಳ್ಲಿಲ್ಲ ಕಣೋ. ಈ ವರ್ಷ ದಿಣ್ಣೇಲಿ ಹುಂಜವೇ ಇಲ್ಲ ಅಂತಲೇ ಇದ್ದೆ." ಟೋಪಿಯನ್ನು ತಿರುವಿದ. "ಅಲ್ಲ, ಹಂಗಂತ ನನಗೆ ನಾನೇ ಹೇಳ್ಕೊಂಡಿದ್ದೆ. ನಾಳಿದ್ದು ಬೇರೆ ಯಾರ ಜೊತೆಗಾದ್ರೂ ಹೋಗು ನೀನು. ನೀನು ಎಲ್ಲಿದ್ದೀಯ ಅಂತ ನನಗೆ ಕೇಳ್ಸಲ್ಲ. ಬಂದೂಕು ಹಿಡ್ಕೊಂಡು ನಿನ್ನ ಪಕ್ಕ ಕೂರೋ ಯೋಗ್ಯತೆ ನನಗೆ ಉಳೀಲಿಲ್ಲ."

ಡಾಯಲ್‌ಗೆ ಹೇಳಬೇಕಾದದ್ದು ಬಹಳ ಇತ್ತು. ಆದರೆ ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದರೆ ಹುಂಜ ಎದ್ದು ಹೋಗುತ್ತಿತ್ತು. ಸುಮ್ಮನೆ ಅದೇ ಓಕ್ ಮರಕ್ಕೆ ಬೆನ್ನು ಕೊಟ್ಟು, ಭುಜಕ್ಕೆ ಭುಜ ತಾಗಿಸಿ ಪಕ್ಕದಲ್ಲಿ ಕೂತ. ವರ್ಲಿನ್‌ನ ಮೊಣಕಾಲಿನ ಮೇಲೆ ಕೈ ಇಟ್ಟ. ಹುಂಜ ಕೂಗಿದಾಗ ಒತ್ತಿದ. ಮತ್ತೆ ಕೂಗಿತು, ಮತ್ತೆ ಒತ್ತಿದ. ವರ್ಲಿನ್ ಮೊದಲು ಆ ಕೈಯನ್ನು ನೋಡಿದ, ಆಮೇಲೆ ಕಣ್ಣು ಮುಚ್ಚಿಕೊಂಡ. ಪ್ರತಿ ಒತ್ತಿಗೂ ಅವನ ಗದ್ದ ಒಂಚೂರು ಮೇಲೇಳುತ್ತಿತ್ತು.

ಬಿಸಿಲು ಏರಿತು. ಹುಂಜ ಮರದಿಂದ ಇಳಿದು, ಹೆಣ್ಣುಗಳ ಹಿಂದೆ ಕಣಿವೆ ದಾಟಿ ದೂರ ಹೋಯಿತು. ಕಾಡು ಸುಮ್ಮನಾಯಿತು. ವರ್ಲಿನ್ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ.

ಡಾಯಲ್ ಇನ್ನೊಂದು ಸಲ ಒತ್ತಿದ.